ಆಯ್ದು ತಿನ್ನುವ ಮಕ್ಕಳು: ಪೋಷಕರಿಗೆ ಶಿಕ್ಷಕರ ನೆರವು

ಒಂದು ಮತ್ತು ಎರಡನೆಯ ತರಗತಿಗಳಲ್ಲಿ ಹಾಗೂ ಶಾಲೆಗೆ ಹೊಂದಿಕೊಂಡ ಅಂಗನವಾಡಿಗಳಲ್ಲಿ, ಊಟದ ಹೊತ್ತಿಗೆ ತಟ್ಟೆಯ ಮುಂದೆ ಸುಮ್ಮನೆ ಕುಳಿತುಬಿಡುವ ಮಗು ಅಪರೂಪವಲ್ಲ. ಒಂದು ಮಗು ಬಿಳಿ ಅನ್ನವನ್ನಷ್ಟೇ ಉಂಡು ಸಾರನ್ನು ಬಿಡುತ್ತದೆ. ಇನ್ನೊಂದು ತರಕಾರಿಯ ಹೋಳುಗಳನ್ನು ಹೆಕ್ಕಿ ತಟ್ಟೆಯ ಅಂಚಿಗೆ ಸರಿಸುತ್ತದೆ. "ಮನೆಯಲ್ಲಿಯೂ ಹೀಗೆಯೇ, ನೀವಾದರೂ ಹೇಳಿ" ಎನ್ನುವ ತಾಯಿಯ ಮಾತಿನಲ್ಲಿ ದಣಿವು ಇರುತ್ತದೆ, ಅಪರಾಧಿಭಾವವೂ ಇರುತ್ತದೆ. ಅಂಥ ಪೋಷಕರಿಗೆ ಶಿಕ್ಷಕರು ಏನು ಹೇಳಬೇಕು, ಏನು ಹೇಳಬಾರದು, ವೈದ್ಯರ ನೆರವು ಯಾವಾಗ ಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸ್ವಭಾವದ ಹಿನ್ನೆಲೆ

"ಹಸಿವು ರುಚಿಯರಿಯದು, ನಿದ್ರೆ ಸುಖವರಿಯದು" ಎಂಬ ಗಾದೆಯನ್ನು ಹೇಳಿ ಹಿರಿಯರು ಮಗುವನ್ನು ಹಟಮಾರಿ ಎಂದು ನಿರ್ಣಯಿಸುವುದುಂಟು. ಚಿಕ್ಕ ಮಕ್ಕಳ ವಿಷಯದಲ್ಲಿ ಈ ಗಾದೆ ಅರ್ಧ ಮಾತ್ರ ನಿಜ. ಹುಟ್ಟುವಾಗ ಸುಮಾರು 3 ಕಿಲೋಗ್ರಾಂ ತೂಗುವ ಶಿಶುವಿನ ತೂಕ ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಮೂರುಪಟ್ಟಾಗುತ್ತದೆ. ಎರಡು ವರ್ಷದ ಅನಂತರ ಮಗು ವರ್ಷಕ್ಕೆ ಸುಮಾರು 2 ಕಿಲೋಗ್ರಾಂ ಮಾತ್ರ ಹೆಚ್ಚುತ್ತದೆ. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೂ ತಗ್ಗುವುದು ಸಹಜ. ಮೊದಲು ಚೆನ್ನಾಗಿ ತಿನ್ನುತ್ತಿದ್ದ ಮಗು ಈಗ ತಿನ್ನುತ್ತಿಲ್ಲವೆಂಬ ತಾಯಿಯ ಆತಂಕಕ್ಕೆ ಅನೇಕ ವೇಳೆ ಇದೇ ಕಾರಣ.

ಎರಡರಿಂದ ಆರು ವರ್ಷದ ನಡುವೆ ಹೊಸ ಆಹಾರದ ಭಯವೂ ಹೆಚ್ಚಾಗಿರುತ್ತದೆ. ನಡೆಯಲು ಕಲಿತ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕದಂತೆ ಕಾಯುವ ಎಚ್ಚರ ಇದೆಂದು ತಜ್ಞರು ವಿವರಿಸುತ್ತಾರೆ. ಸಿಹಿಯ ಒಲವು ಹುಟ್ಟಿನಿಂದಲೇ ಬರುತ್ತದೆ. ಮೆಂತ್ಯ, ಹಾಗಲಗಳ ಕಹಿಯನ್ನು ಒಪ್ಪಿಕೊಳ್ಳಲು ಕಾಲ ಬೇಕು. ಕಹಿಯನ್ನು ಗ್ರಹಿಸುವ ತೀವ್ರತೆಯಲ್ಲಿ ಅನುವಂಶೀಯ ಭೇದಗಳೂ ಇರುವುದರಿಂದ ಅಣ್ಣ ತಿಂದದ್ದನ್ನು ತಂಗಿ ಉಗುಳಬಹುದು. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲವೆಂಬುದನ್ನು ಶಿಕ್ಷಕರು ಮೊದಲ ಮಾತಿನಲ್ಲಿಯೇ ಹೇಳಬೇಕು.

ಗಡಿನಾಡಿನ ಮಗುವಿನ ತಟ್ಟೆ

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಇನ್ನೊಂದು ಕಾರಣವನ್ನೂ ಗಮನಿಸಬೇಕಾಗುತ್ತದೆ. ಜತ್ತ, ಅಕ್ಕಲಕೋಟೆಗಳ ಮನೆಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಗಳನ್ನು ಉಂಡು ಬೆಳೆದ ಮಗುವಿನ ಮುಂದೆ ಶಾಲೆಯಲ್ಲಿ ಖಿಚಡಿ ಬರುತ್ತದೆ. ಮಡಕಶಿರಾ, ತಾಳವಾಡಿಗಳ ಕಡೆ ರಾಗಿಮುದ್ದೆ ಮತ್ತು ಸೊಪ್ಪಿನ ಸಾರಿಗೆ ಒಗ್ಗಿದ ನಾಲಗೆ ಅನ್ನ-ಸಾಂಬಾರಿನ ಮುಂದೆ ಹಿಂಜರಿಯಬಹುದು. ಹೆಸರೂ ಮಗುವನ್ನು ಗೊಂದಲಗೊಳಿಸುತ್ತದೆ. ಮನೆಯ ನುಗ್ಗೆಯು ತಮಿಳಿನಲ್ಲಿ ಮುರುಂಗೈ, ಮಲಯಾಳದಲ್ಲಿ ಮುರಿಙ್ಙ, ಮರಾಠಿಯಲ್ಲಿ ಶೇವಗಾ, ತೆಲುಗಿನಲ್ಲಿ ಮುನಗ. ಅಡುಗೆಯವರು ಹೇಳಿದ ಹೆಸರು ತಿಳಿಯದೆ, ಮನೆಯಲ್ಲಿ ತಿನ್ನುವುದನ್ನೇ ಮಗು ಶಾಲೆಯಲ್ಲಿ ನಿರಾಕರಿಸಬಹುದು. ಆದ್ದರಿಂದ ಶಾಲೆಯಲ್ಲಿ ಉಣ್ಣದ ಮಗುವನ್ನು ಆಯ್ದು ತಿನ್ನುವ ಮಗುವೆಂದು ಕರೆಯುವ ಮೊದಲು ಅದು ಮನೆಯಲ್ಲಿ ಏನು ತಿನ್ನುತ್ತದೆಂದು ವಿಚಾರಿಸಬೇಕು.

ಮನೆಯ ಊಟವನ್ನು ಒಂದು ಹೊತ್ತಿನ ಲೆಕ್ಕದಲ್ಲಿ ಅಳೆಯದೆ ಒಂದು ವಾರದ ಲೆಕ್ಕದಲ್ಲಿ ನೋಡುವಂತೆ ಪೋಷಕರಿಗೆ ತಿಳಿಸಬೇಕು. ಧಾನ್ಯ, ಬೇಳೆಕಾಳು, ಸೊಪ್ಪು-ತರಕಾರಿ, ಹಣ್ಣು, ಹಾಲು ಅಥವಾ ಮೊಟ್ಟೆ-ಮೀನು ಇವುಗಳಲ್ಲಿ ಪ್ರತಿಯೊಂದು ಗುಂಪಿನಿಂದ ಒಂದೆರಡು ಪದಾರ್ಥಗಳಾದರೂ ವಾರದಲ್ಲಿ ಹೊಟ್ಟೆ ಸೇರುತ್ತಿದ್ದರೆ ಹೆದರಬೇಕಾಗಿಲ್ಲ. ಹಾಲನ್ನು ಮುಟ್ಟದ ಮಗು ರಾಗಿಯನ್ನು ಉಣ್ಣುತ್ತಿದ್ದರೆ ಅದಕ್ಕೆ ಸುಣ್ಣದಂಶ ತಕ್ಕಮಟ್ಟಿಗೆ ದೊರೆಯುತ್ತಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ.

ಒತ್ತಾಯ ಮತ್ತು ಆಮಿಷ

ಹೊಡೆದು ಉಣಿಸುವುದು, ಮೂಗು ಹಿಡಿದು ತುತ್ತು ತುರುಕುವುದು, ಮೊಬೈಲು ತೋರಿಸುತ್ತ ಬಾಯಿಗಿಡುವುದು ಇವೆಲ್ಲ ಆ ಹೊತ್ತಿಗೆ ಫಲ ಕೊಟ್ಟಂತೆ ಕಂಡರೂ ಮುಂದೆ ಕೇಡು ತರುತ್ತವೆ. ಒತ್ತಾಯದಿಂದ ಊಟವೆಂದರೆ ಭಯ ಹುಟ್ಟುತ್ತದೆ. ಪರದೆಯತ್ತ ಗಮನವಿದ್ದಾಗ ಮಗು ತನ್ನ ಹಸಿವು-ತೃಪ್ತಿಗಳ ಸೂಚನೆಯನ್ನೇ ಮರೆಯುತ್ತದೆ. "ಪಲ್ಯ ತಿಂದರೆ ಚಾಕೊಲೇಟು" ಎಂಬ ಆಮಿಷವೂ ಹೀಗೆಯೇ. ಅಮೆರಿಕದ ಮನೋವಿಜ್ಞಾನಿ ಲೀಆನ್ ಬರ್ಚ್ ಮತ್ತು ಸಂಗಡಿಗರು ಚಿಕ್ಕ ಮಕ್ಕಳೊಡನೆ ನಡೆಸಿದ ಪ್ರಯೋಗಗಳಲ್ಲಿ, ಬಹುಮಾನದ ಆಸೆಗಾಗಿ ಸೇವಿಸಿದ ಪದಾರ್ಥದ ಮೇಲಿನ ಒಲವು ಅನಂತರ ಕುಗ್ಗಿದ್ದು ಕಂಡುಬಂದಿತು. ಆಮಿಷವೊಡ್ಡಿದಾಗ ಪಲ್ಯವು ಶಿಕ್ಷೆಯೆಂದೂ ಚಾಕೊಲೇಟು ಶ್ರೇಷ್ಠವೆಂದೂ ಮಗು ಕಲಿಯುತ್ತದೆ.

ಪೋಷಕರಿಗೆ ತಿಳಿಸಬೇಕಾದ ಕ್ರಮ

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಅವರು ರೂಪಿಸಿದ ಹೊಣೆಗಾರಿಕೆಯ ಹಂಚಿಕೆ ಎಲ್ಲ ಮನೆಗಳಿಗೂ ಒಪ್ಪುವಂಥದು. ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರ ಹೊಣೆ; ತಿನ್ನುವುದೋ ಬಿಡುವುದೋ, ಎಷ್ಟು ತಿನ್ನುವುದೋ ಎಂಬುದು ಮಗುವಿನ ಹೊಣೆ. ಇದನ್ನು ಆಚರಣೆಗೆ ತರಲು ನಾಲ್ಕು ಸೂಚನೆಗಳು ಸಾಕು.

ಮೊದಲನೆಯದು, ಹೊತ್ತಿನ ನಿಯಮ. ಮೂರು ಊಟ, ನಡುವೆ ಎರಡು ತಿಂಡಿ. ಅವುಗಳ ನಡುವೆ ಎರಡೂವರೆಯಿಂದ ಮೂರು ಗಂಟೆಗಳ ಬಿಡುವು. ಆ ಬಿಡುವಿನಲ್ಲಿ ನೀರನ್ನು ಮಾತ್ರ ಕೊಡಬೇಕು. ಅಂಗಡಿಯ ಕುರುಕಲು ಪೊಟ್ಟಣ, ಚಹಾ-ಬಿಸ್ಕತ್ತುಗಳು ಹಸಿವನ್ನು ಕೊಲ್ಲುತ್ತವೆ. ಚಹಾದಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುವುದರಿಂದ ಮಕ್ಕಳಿಗೆ ಚಹಾ ಬೇಡವೇ ಬೇಡ. ಹಾಲು ಕೂಡ ದಿನಕ್ಕೆ ಅರ್ಧ ಲೀಟರನ್ನು ಮೀರಬಾರದು.

ಎರಡನೆಯದು, ಪರಿಚಿತದೊಡನೆ ಅಪರಿಚಿತ. ಮಗು ಮೆಚ್ಚುವ ರೊಟ್ಟಿಯ ಪಕ್ಕದಲ್ಲಿ ಹೊಸ ಪಲ್ಯವನ್ನು ಒಂದು ಚಮಚದಷ್ಟು ಇಡಬೇಕು. ಮುಟ್ಟುವುದು, ಮೂಸುವುದು, ನೆಕ್ಕಿ ಬಿಡುವುದು ಇವೂ ಕಲಿಕೆಯ ಮೆಟ್ಟಿಲುಗಳೇ. ಹೊಸ ರುಚಿಯನ್ನು ಒಪ್ಪಿಕೊಳ್ಳಲು ಹಲವು ಮಕ್ಕಳಿಗೆ ಎಂಟರಿಂದ ಹದಿನೈದು ಸಲ ಬೇಕಾಗುತ್ತದೆ. ಅನೇಕ ತಾಯಂದಿರು ಮೂರನೆಯ ಸಲಕ್ಕೇ ಕೈಬಿಡುತ್ತಾರೆ.

ಮೂರನೆಯದು, ಕೂಡಿ ಉಣ್ಣುವುದು. ಅಪ್ಪ ಬದನೆಯನ್ನು ತಟ್ಟೆಯಂಚಿಗೆ ತಳ್ಳುತ್ತಿದ್ದರೆ ಮಗುವಿಗೆ ಮಾಡುವ ಉಪದೇಶ ವ್ಯರ್ಥ.

ನಾಲ್ಕನೆಯದು, ಊಟಕ್ಕೆ ಕೊನೆಯುಂಟೆಂಬ ನಿಯಮ. ಇಪ್ಪತ್ತೈದು-ಮೂವತ್ತು ನಿಮಿಷಗಳ ಅನಂತರ ಬೈಯದೆ ತಟ್ಟೆಯನ್ನು ತೆಗೆಯಬೇಕು. ಬೇರೆ ಅಡುಗೆ ಮಾಡಿಕೊಡಬಾರದು. ಮುಂದಿನ ತಿಂಡಿಯ ಹೊತ್ತು ಹತ್ತಿರವೇ ಇರುತ್ತದೆ.

ಶಾಲೆಯಲ್ಲಿ

ಪಿಎಂ ಪೋಷಣ್ ಯೋಜನೆಯು ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿಯನ್ನು ಗೊತ್ತುಪಡಿಸಿದೆ. ಇದು ಒದಗಿಸುವ ಲೆಕ್ಕ. ಪ್ರತಿ ಮಗುವಿನ ಬಾಯಿಗೆ ತುಂಬಲೇಬೇಕಾದ ಅಳತೆಯಲ್ಲ. ಚಿಕ್ಕ ಮಕ್ಕಳಿಗೆ ಮೊದಲು ಸ್ವಲ್ಪ ಬಡಿಸಿ, ಕೇಳಿದಾಗ ಮತ್ತೆ ಬಡಿಸಬೇಕು. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವನ್ನು ಮಕ್ಕಳ ಎದುರಿನಲ್ಲಿಯೇ ಪಾಲಿಸಿದರೆ ಅದೇ ಒಂದು ಪಾಠವಾಗುತ್ತದೆ. ಸೊಪ್ಪು-ತರಕಾರಿಗಳ ಹೆಸರನ್ನು ಕನ್ನಡದಲ್ಲಿಯೂ ರಾಜ್ಯಭಾಷೆಯಲ್ಲಿಯೂ ಬರೆದು ಊಟದ ಜಾಗದಲ್ಲಿ ತೂಗುಹಾಕುವುದು ಭಾಷಾಕಲಿಕೆಗೂ ಊಟಕ್ಕೂ ನೆರವು. ಮಗುವಿನ ಬುತ್ತಿಯ ಬಗ್ಗೆ ತರಗತಿಯಲ್ಲಿ ಟೀಕೆ ಸಲ್ಲದು. ಬುತ್ತಿಯಲ್ಲಿ ಮನೆಯ ಬಡತನವೂ ಆಚಾರವೂ ಇರುತ್ತವೆ.

ವೈದ್ಯರ ನೆರವು ಯಾವಾಗ?

ತೂಕ ಇಳಿಯುವುದು ಅಥವಾ ತಿಂಗಳುಗಟ್ಟಲೆ ಏರದಿರುವುದು, ನುಂಗುವಾಗ ಕೆಮ್ಮು, ಉಸಿರುಗಟ್ಟುವಿಕೆ, ಪದೇ ಪದೇ ವಾಂತಿ, ಬಿಳಿಚಿದ ಮುಖ ಮತ್ತು ಸದಾ ದಣಿವು, ಮಣ್ಣು, ಬಳಪ ತಿನ್ನುವ ಚಾಳಿ, ಮೊದಲು ತಿನ್ನುತ್ತಿದ್ದ ಪದಾರ್ಥಗಳೂ ಒಂದೊಂದಾಗಿ ಬಿಟ್ಟುಹೋಗಿ ಕೆಲವೇ ಉಳಿಯುವುದು, ಮಾತು-ಒಡನಾಟಗಳಲ್ಲಿಯೂ ತೊಡಕಿರುವುದು. ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. ರಕ್ತಹೀನತೆ ಮತ್ತು ಜಂತುಹುಳು ಹಸಿವನ್ನು ಕುಗ್ಗಿಸುತ್ತವೆ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಅಂಥ ಮಗುವನ್ನು ತಪ್ಪದೆ ತೋರಿಸಬೇಕು. ತಂಡ ಬರುವುದು ತಡವಾದರೆ ಪೋಷಕರನ್ನು ಹತ್ತಿರದ ಆರೋಗ್ಯಕೇಂದ್ರಕ್ಕೆ ಕಳುಹಿಸಬೇಕು.

ಇಲ್ಲಿ ಗಡಿನಾಡಿನ ಶಿಕ್ಷಕರು ಮಾಡಬಹುದಾದ ಕೆಲಸವೊಂದಿದೆ. ಕನ್ನಡ ಮಾತ್ರ ಬಲ್ಲ ತಾಯಿ ಮಲಯಾಳ ಅಥವಾ ಮರಾಠಿ ಆಡುವ ವೈದ್ಯರ ಎದುರು ಹೇಳಬೇಕಾದ ಅರ್ಧವನ್ನು ನುಂಗಿಕೊಳ್ಳುತ್ತಾಳೆ. ಮಗು ಒಂದು ವಾರ ತಿಂದದ್ದನ್ನೂ ಬಿಟ್ಟದ್ದನ್ನೂ ತಾಯಿಯಿಂದ ಕೇಳಿ, ಅದರೊಡನೆ ತೂಕ ಮತ್ತು ಶಿಕ್ಷಕರು ಕಂಡ ಲಕ್ಷಣಗಳನ್ನು ಸೇರಿಸಿ, ರಾಜ್ಯಭಾಷೆಯಲ್ಲಿ ಒಂದು ಪುಟ ಬರೆದುಕೊಟ್ಟರೆ ವೈದ್ಯರಿಗೆ ಅದು ದೊಡ್ಡ ಸಹಾಯ.

ಪೋಷಕರೊಡನೆ ಮಾತು

"ನಿಮ್ಮ ಮಗು ಏನೂ ತಿನ್ನುವುದಿಲ್ಲ" ಎಂದು ಸಭೆಯಲ್ಲಿ ಎಲ್ಲರ ಮುಂದೆ ಹೇಳಿದ ಮಾತು ಆ ಸಂಜೆ ಮಗುವಿನ ಬೆನ್ನಿಗೆ ಏಟಾಗಿ ಬೀಳಬಹುದು. ತಾಯಿಯ ಮೇಲೆ ಮನೆಯವರ ನಿಂದೆಯಾಗಿಯೂ ಎರಗಬಹುದು. ಮಾತು ಏಕಾಂತದಲ್ಲಿರಲಿ, ಸಾಧ್ಯವಾದರೆ ತಂದೆ, ಅಜ್ಜಿಯರೂ ಜೊತೆಗಿರಲಿ. ಮಗು ತಿಂದದ್ದನ್ನು ಮೊದಲು ಹೇಳಿ, ಬಿಟ್ಟದ್ದನ್ನು ಅನಂತರ ಹೇಳುವುದು ಒಳ್ಳೆಯದು. ಎಲ್ಲ ಸೂಚನೆಗಳನ್ನೂ ಒಂದೇ ದಿನ ಒಪ್ಪಿಸದೆ ಒಂದನ್ನು ಆರಿಸಿಕೊಟ್ಟು, ಹದಿನೈದು ದಿನಗಳ ಅನಂತರ ಹೇಗಾಯಿತೆಂದು ವಿಚಾರಿಸಬೇಕು. ಹಾಗೆ ಮತ್ತೆ ಕೇಳುವವರೊಬ್ಬರು ಇದ್ದಾರೆಂಬ ಅರಿವೇ ತಾಯಿಗೆ ತಾಳ್ಮೆಯನ್ನು ಕೊಡುತ್ತದೆ.