ಸಂಘದ ಗಂಟು ಯಾರ ಹೆಸರಿನಲ್ಲಿದೆ?

ಶ್ರಾವಣ ಮುಗಿಯುತ್ತಿದ್ದಂತೆ ರಾಯಚೂರಿನ ಓಣಿಗಳಲ್ಲಿ ರಸೀದಿ ಪುಸ್ತಕ ಹಿಡಿದ ಹುಡುಗರ ಗುಂಪುಗಳು ಕಾಣಿಸಿಕೊಳ್ಳುತ್ತವೆ. ಗಣಪತಿಗೆ ಪಟ್ಟಿ ಎತ್ತುವ ಕಾಲ ಅದು. ಮೊಹರಂ ಬಂದರೆ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಅಲಾಯಿ ಗುಂಡಿ ತೋಡುವ ಮೊದಲು ಮತ್ತೊಂದು ಪಟ್ಟಿ. ಊರ ಜಾತ್ರೆಗೆ, ಶಾಲೆಯ ಕಾಂಪೌಂಡಿಗೆ, ಬಡ ಹುಡುಗಿಯೊಬ್ಬಳ ಕಾಲೇಜು ಫೀಸಿಗೆ ಹೀಗೆ ವರ್ಷವಿಡೀ ಯಾವುದಾದರೊಂದು ಪಟ್ಟಿ ನಡೆದೇ ಇರುತ್ತದೆ. ಕೊಡುವ ಕೈಗಳಿಗೆ ಎಡೆದೊರೆ ನಾಡಿನಲ್ಲಿ ಎಂದೂ ಬರವಿಲ್ಲ. ಕೊಟ್ಟ ಹಣ ಎಲ್ಲಿ ಕುಳಿತಿದೆ ಎಂದು ಕೇಳುವವರು ಮಾತ್ರ ಕಡಿಮೆ.

ಹಿಂದೆ ಅದು ಖಜಾಂಚಿಯ ಮನೆಯ ಟ್ರಂಕಿನಲ್ಲಿರುತ್ತಿತ್ತು. ಈಗ ಕಾರ್ಯದರ್ಶಿಯ ಮೊಬೈಲಿನಲ್ಲಿರುತ್ತದೆ. ಪೆಂಡಾಲಿನ ಕಂಬಕ್ಕೆ ಅಂಟಿಸಿದ ಕ್ಯೂಆರ್ ಚೀಟಿಯನ್ನು ಸ್ಕ್ಯಾನ್ ಮಾಡಿ ನೋಡಿದರೆ ತೆರೆಯ ಮೇಲೆ ಮೂಡುವುದು ಸಂಘದ ಹೆಸರಲ್ಲ, ಯಾರೋ ಒಬ್ಬ ಹುಡುಗನ ಹೆಸರು. ಹುಡುಗ ಒಳ್ಳೆಯವನೇ ಇರಬಹುದು. ಆದರೆ ತೊಂದರೆ ಬರುವುದಕ್ಕೆ ಕೆಟ್ಟವನೇ ಬೇಕೆಂದೇನೂ ಇಲ್ಲ.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಯುವಕ ಮಂಡಳಿ ಎಂದಿಟ್ಟುಕೊಳ್ಳಿ. ವಾಚನಾಲಯ ಕಟ್ಟಲು ಕೂಡಿಸಿದ 60,000 ರೂಪಾಯಿ ಅದರ ಕಾರ್ಯದರ್ಶಿಯ ಸ್ವಂತ ಉಳಿತಾಯ ಖಾತೆಯಲ್ಲಿದೆ. ಆತ ರೈತ, ಅದೇ ಶಾಖೆಯಲ್ಲಿ ಬೆಳೆ ಸಾಲ ತೆಗೆದಿದ್ದಾನೆ. ಹತ್ತಿ ಕೈಕೊಟ್ಟಿತು, ಸಾಲ ಸುಸ್ತಿಯಾಯಿತು. ಬ್ಯಾಂಕಿಗೆ ತನ್ನ ಸಾಲಗಾರನ ಠೇವಣಿಯನ್ನು ಅವನ ಬಾಕಿಗೆ ಹೊಂದಿಸಿಕೊಳ್ಳುವ ಹಕ್ಕುಂಟು. ಅದರ ಕಣ್ಣಿಗೆ ಅಲ್ಲಿರುವುದು ವಾಚನಾಲಯವಲ್ಲ, ಒಬ್ಬ ಸಾಲಗಾರನ ಹಣ. ಇನ್ನು ಆತ ಅಕಸ್ಮಾತ್ ತೀರಿಕೊಂಡನೆನ್ನಿ. ಹಣ ಹೋಗುವುದು ನಾಮಿನಿಯ ಕೈಗೆ, ಅಲ್ಲಿಂದ ವಾರಸುದಾರರಿಗೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಬಾಗಿಲಲ್ಲಿ ನಿಂತು, ‘ಅದರಲ್ಲಿ ನಮ್ಮದು ಅರವತ್ತು ಸಾವಿರ ಐತಿ’ ಎಂದು ಮಂಡಳಿಯ ಹುಡುಗರು ಹೇಗೆ ಕೇಳಬೇಕು? ಕೇಳಿದರೂ ಕಾಗದದಲ್ಲಿ ಆಧಾರವೆಲ್ಲಿ?

ಸಂಘಕ್ಕೆ ತನ್ನದೇ ಖಾತೆ ಬೇಕು ಎನ್ನುವುದಕ್ಕೆ ಇಷ್ಟು ಸಾಕು. ಬಡ್ಡಿ, ಶುಲ್ಕ, ಚೆಕ್ ಪುಸ್ತಕದ ಮಾತೆಲ್ಲ ಆಮೇಲಿನದು.

ಈಗ ಇದು ಸುಲಭವೆಂದು ತೋರಬಹುದು. ಒಂದು ಕಾಲಕ್ಕೆ ಹಾಗಿರಲಿಲ್ಲ. ಹದಿನೈದು ಬಡ ಹೆಂಗಸರು ವಾರಕ್ಕೆರಡು ರೂಪಾಯಿ ಕೂಡಿಸಿ ಬ್ಯಾಂಕಿಗೆ ಹೋದರೆ, ‘ನಿಮ್ಮ ಸಂಘ ರಿಜಿಸ್ಟರ್ ಆಗಿದೆಯೇ?’ ಎಂಬ ಪ್ರಶ್ನೆ ಎದುರಾಗುತ್ತಿತ್ತು. ಇಲ್ಲವೆಂದರೆ ದಾರಿ ಮುಚ್ಚಿದಂತೆಯೇ. ಇದನ್ನು ಬದಲಿಸಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1980ರ ದಶಕದಲ್ಲಿ ಮೈರಾಡಾ ಸಂಸ್ಥೆ ಕೋಲಾರ ಮೊದಲಾದ ಕಡೆ ಇಂಥ ಸಣ್ಣ ಗುಂಪುಗಳನ್ನು ಬೆಳೆಸಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಹೊರಟಿತು. 1993ರ ಜನವರಿ 4ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ನೋಂದಣಿ ಆಗಿರಲಿ ಆಗದಿರಲಿ, ಸದಸ್ಯರಲ್ಲಿ ಉಳಿತಾಯದ ಅಭ್ಯಾಸ ಬೆಳೆಸುವ ಸ್ವಸಹಾಯ ಗುಂಪುಗಳು ಉಳಿತಾಯ ಖಾತೆ ತೆರೆಯಬಹುದೆಂದು ಸಾರಿತು. 2000–01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದ ಮೇಲಂತೂ ಮಾನ್ವಿ, ದೇವದುರ್ಗದ ಹಳ್ಳಿಹಳ್ಳಿಯಲ್ಲೂ ಸಂಘದ ಪಾಸ್‌ಬುಕ್ಕು ಕಾಣತೊಡಗಿತು. ಓದುವ ಮಕ್ಕಳ ತಾಯಂದಿರಲ್ಲಿ ಅದೆಷ್ಟೋ ಜನ ಗಂಡಸರ ಮಂಡಳಿಗಳಿಗಿಂತ ಈ ವಿಷಯದಲ್ಲಿ ಮುಂದಿದ್ದಾರೆ. ಅವರನ್ನೇ ಕೇಳಿ ಕಲಿಯುವುದು ಒಳಿತು.

ಆದರೆ ಸ್ವಸಹಾಯ ಗುಂಪಿನ ರಿಯಾಯಿತಿ ಎಲ್ಲ ಸಂಘಗಳಿಗೂ ಇಲ್ಲ. ಸ್ವಸಹಾಯ ಗುಂಪು ತನ್ನ ಸದಸ್ಯರ ಹಣವನ್ನೇ ಕೂಡಿಸುತ್ತದೆ. ಖಾತೆ ತೆರೆಯುವಾಗ ಪದಾಧಿಕಾರಿಗಳ ಗುರುತಿನ ದಾಖಲೆ ಇದ್ದರೆ ಸಾಕು, ಎಲ್ಲ ಸದಸ್ಯರದೂ ಬೇಕಿಲ್ಲ. ಹೊರಗಿನವರಿಂದ ದೇಣಿಗೆ ಎತ್ತುವ ಯುವಕ ಮಂಡಳಿ, ಹಳೆಯ ವಿದ್ಯಾರ್ಥಿಗಳ ಸಂಘ, ಉತ್ಸವ ಸಮಿತಿಗಳ ಮಾತು ಬೇರೆ. ಇವು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿ ಮಾಡಿಸಿಕೊಳ್ಳುವುದು ರಾಜಮಾರ್ಗ. ಕನಿಷ್ಠ ಏಳು ಜನ, ಒಂದು ಉದ್ದೇಶಪತ್ರ, ಒಂದಿಷ್ಟು ನಿಯಮಾವಳಿ ಬೇಕು. ಪ್ರತಿವರ್ಷ ಸರ್ವಸದಸ್ಯರ ಸಭೆಯಾದ ಮೇಲೆ ಪದಾಧಿಕಾರಿಗಳ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಉತ್ಸಾಹದಲ್ಲಿ ನೋಂದಣಿ ಮಾಡಿಸಿ ಎರಡನೆಯ ವರ್ಷಕ್ಕೇ ಮರೆತುಬಿಡುವ ಸಂಘಗಳೇ ಹೆಚ್ಚು ಎನ್ನುವುದು ಬೇರೆ ಮಾತು.

ನೋಂದಣಿಯಾದ ಸಂಘಕ್ಕೆ ಉಳಿತಾಯ ಖಾತೆ ಸಿಗುತ್ತದೆ. ವ್ಯಾಪಾರದ ಸಂಸ್ಥೆಗಳಿಗೆ ಅದು ಸಿಗದು. ಅವಕ್ಕೆ ಬಡ್ಡಿಯಿಲ್ಲದ ಚಾಲ್ತಿ ಖಾತೆಯೇ ಗತಿ. ಕೆಲವು ಕಡೆ ಕೌಂಟರಿನಲ್ಲಿ ಸಂಘವೆಂದ ಕೂಡಲೇ ಚಾಲ್ತಿ ಖಾತೆಯ ಅರ್ಜಿ ಕೊಟ್ಟುಬಿಡುತ್ತಾರೆ. ‘ನಮ್ಮದು ನೋಂದಾಯಿತ ಸಂಘ, ಉಳಿತಾಯ ಖಾತೆ ಕೊಡಿ’ ಎಂದು ಕೇಳಿದರೆ ತಪ್ಪೇನಿಲ್ಲ. ಚಾಲ್ತಿ ಖಾತೆಯಲ್ಲಿ ಬಡ್ಡಿಯಿಲ್ಲದಿರುವುದಷ್ಟೇ ಅಲ್ಲ, ಕನಿಷ್ಠ ಶಿಲ್ಕು ಇಲ್ಲದಿದ್ದರೆ ದಂಡವೂ ಬೀಳಬಹುದು.

ಹಾಗೆಂದು ಬಡ್ಡಿಗಾಗಿ ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯಬೇಕೇ? ಮಕ್ಕಳೇ ಲೆಕ್ಕ ಹಾಕಿ ನೋಡಲಿ. 2025ರ ಜೂನ್‌ನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕ್ ಉಳಿತಾಯ ಬಡ್ಡಿಯನ್ನು ಶೇ 2.5ಕ್ಕೆ ಇಳಿಸಿತು. ಆ ದರದಲ್ಲಿ 40,000 ರೂಪಾಯಿ ವರ್ಷವಿಡೀ ಕುಳಿತರೆ ಬರುವುದು 1,000 ರೂಪಾಯಿ. ಇನ್ನೊಂದು ಬ್ಯಾಂಕು ಅರ್ಧ ಶೇಕಡ ಹೆಚ್ಚು ಕೊಟ್ಟರೆ ಲಾಭ 200 ರೂಪಾಯಿ. ಹಳ್ಳಿಯಿಂದ ಇಬ್ಬರು ಪದಾಧಿಕಾರಿಗಳು ರಾಯಚೂರಿಗೆ ನಾಲ್ಕು ಸಲ ಬಂದು ಹೋದರೆ ಬಸ್ ಚಾರ್ಜು, ಚಹಾ ಮಿರ್ಚಿಗೇ ಅದು ಮುಗಿಯುತ್ತದೆ. ಒಂದು ವಿಷಯ ಮಾತ್ರ ಹಿರಿಯರು ತಿದ್ದಿಕೊಳ್ಳಬೇಕು. ‘ಹತ್ತನೇ ತಾರೀಖಿನೊಳಗೆ ಕಟ್ಟಬೇಕು, ತಿಂಗಳ ಕೊನೆಯವರೆಗೆ ತೆಗೆಯಬಾರದು’ ಎಂಬ ಹಳೆಯ ಸೂತ್ರ 2010ರ ಏಪ್ರಿಲ್ 1ರಿಂದ ಇಲ್ಲ. ಈಗ ಬಡ್ಡಿಯ ಎಣಿಕೆ ದಿನದಿನದ ಶಿಲ್ಕಿನ ಮೇಲೆ.

ಬಡ್ಡಿಗಿಂತ ಮುಖ್ಯವಾದದ್ದು ಹಣ ಭದ್ರವಾಗಿದೆಯೇ ಎನ್ನುವುದು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ 2020ರ ಫೆಬ್ರುವರಿಯಿಂದ ಇದೆ. ಅದಕ್ಕೂ ಮೊದಲು 1993ರಿಂದ ಒಂದೇ ಲಕ್ಷವಿತ್ತು. ಈ ವಿಮೆ ರಾಷ್ಟ್ರೀಕೃತ ಬ್ಯಾಂಕು, ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆ. ಪತ್ತಿನ ಸಹಕಾರ ಸಂಘಗಳಿಗೆ ಅನ್ವಯಿಸುವುದಿಲ್ಲ. ಬಜಾರಿನ ಬೋರ್ಡುಗಳಲ್ಲಿ ಎರಡರ ವ್ಯತ್ಯಾಸ ಕಣ್ಣಿಗೆ ಬೀಳದು. ಬಡ್ಡಿ ಎರಡು ಪಟ್ಟು ಸಿಗುತ್ತದೆ, ಗುರುತಿನವರೇ ನಿರ್ದೇಶಕರಿದ್ದಾರೆ ಎಂದು ವಿದ್ಯಾರ್ಥಿನಿಧಿಯನ್ನು ಅಲ್ಲಿಡುವ ಮೊದಲು ‘ಇಲ್ಲಿ ಠೇವಣಿ ವಿಮೆ ಉಂಟೇ?’ ಎಂದು ಕೇಳಬೇಕು. ಸಾರ್ವಜನಿಕರ ಹಣವನ್ನು ಪಣಕ್ಕಿಡುವ ಹಕ್ಕು ಯಾವ ಪದಾಧಿಕಾರಿಗೂ ಇಲ್ಲ.

ಹಾಗಾದರೆ ಯಾವ ಬ್ಯಾಂಕು? ಇಲ್ಲಿ ರಾಯಚೂರು ಜಿಲ್ಲೆಯ ಅನುಭವ ಸ್ವಾರಸ್ಯಕರವಾಗಿದೆ. ನಿಜಾಮರ ಕಾಲದಲ್ಲಿ, 1941ರಲ್ಲಿ, ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹುಟ್ಟಿತು. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲೇ ಅದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಗ್ರಾಮೀಣ ಬ್ಯಾಂಕಿನ ಕತೆ ಇನ್ನೂ ಉದ್ದ. ಬಳ್ಳಾರಿ, ರಾಯಚೂರು ಜಿಲ್ಲೆಗಳಿಗಾಗಿ 1976ರಲ್ಲಿ ಶುರುವಾದದ್ದು ತುಂಗಭದ್ರಾ ಗ್ರಾಮೀಣ ಬ್ಯಾಂಕು. 2005ರಲ್ಲಿ ಅದು ಪ್ರಗತಿ ಗ್ರಾಮೀಣ ಬ್ಯಾಂಕಾಯಿತು, 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಸಿಕೊಂಡು ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕಾಯಿತು. ಊರು ಅದೇ, ಶಾಖೆ ಅದೇ, ಪಾಸ್‌ಬುಕ್ಕಿನ ರಟ್ಟಿನ ಮೇಲಿನ ಹೆಸರು ಮಾತ್ರ ಮೂರು ಸಲ ಬದಲು.

ಹೆಸರು ಬದಲಾದರೆ ಸಂಘಕ್ಕೇನು? ಹಣ ಎಲ್ಲಿಗೂ ಹೋಗದು. ಆದರೆ ಐಎಫ್‌ಎಸ್‌ಸಿ ಎಂಬ ಹನ್ನೊಂದು ಅಕ್ಷರಗಳ ಸಂಕೇತವಿದೆ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯ ಗುರುತು. ವಿಲೀನವಾದಾಗ ಈ ಸಂಕೇತ ಬದಲಾಗಬಹುದು. ಹೈದರಾಬಾದ್ ಬ್ಯಾಂಕಿನ ಶಾಖೆಗಳಿಗೆ ಬದಲಾಯಿತು ಕೂಡ. ಐದು ವರ್ಷದ ಹಿಂದೆ ಅಚ್ಚು ಹಾಕಿಸಿದ ರಸೀದಿ ಪುಸ್ತಕವನ್ನು ಮಿತವ್ಯಯದ ಹೆಸರಿನಲ್ಲಿ ಬಳಸುತ್ತಿರುವ ಸಂಘಗಳು ಇದನ್ನೊಮ್ಮೆ ನೋಡಿಕೊಳ್ಳಬೇಕು.

ಒಟ್ಟಿನಲ್ಲಿ ದೊಡ್ಡ ಹೆಸರಿನ ಬ್ಯಾಂಕಿಗಿಂತ, ಸಹಿ ಮಾಡುವವರು ಕೂಲಿ ಕಳೆದುಕೊಳ್ಳದೆ ಹೋಗಿಬರಬಹುದಾದ ಶಾಖೆಯೇ ಮೇಲು. ಹುಂಡಿಯ ಚಿಲ್ಲರೆಯನ್ನು ಬೇಸರವಿಲ್ಲದೆ ಎಣಿಸಿಕೊಳ್ಳುವ ಶಾಖೆಯಾದರೆ ಇನ್ನೂ ಮೇಲು! ಹತ್ತು ರೂಪಾಯಿ ನಾಣ್ಯ ನಡೆಯದೆಂಬ ಮಾತು ಈ ಭಾಗದ ಅಂಗಡಿಗಳಲ್ಲಿ ಬಹುಕಾಲ ಹಬ್ಬಿತ್ತು. ಹದಿನಾಲ್ಕು ವಿನ್ಯಾಸದ ನಾಣ್ಯಗಳೂ ಅಧಿಕೃತವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಿದೆ. ಬ್ಯಾಂಕು ಅವನ್ನು ನಿರಾಕರಿಸುವಂತಿಲ್ಲ.

ಇನ್ನು ಸಹಿಯ ವಿಚಾರ. ಸರ್ಕಾರಿ ಶಾಲೆಗಳಲ್ಲಿ 2001ರಲ್ಲಿ ಎಸ್‌ಡಿಎಂಸಿಗಳು ಬಂದಾಗ ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಖಾತೆಯ ಪದ್ಧತಿ ಬಂದದ್ದು ಪಾಲಕರಿಗೆ ಗೊತ್ತಿದೆ. ಒಬ್ಬರ ಮೇಲಿನ ಅಪನಂಬಿಕೆಯಿಂದ ಮಾಡಿದ್ದಲ್ಲ ಅದು. ಎರಡನೆಯ ಸಹಿ ಮೊದಲನೆಯವರನ್ನು ಊರಿನ ಗುಮಾನಿಯಿಂದ ಕಾಪಾಡುತ್ತದೆ. ಸಂಘಕ್ಕೆ ಮೂವರ ಹೆಸರು ಕೊಟ್ಟು ಯಾರಾದರೂ ಇಬ್ಬರು ಸಹಿ ಹಾಕುವಂತೆ ಗೊತ್ತುವಳಿ ಮಾಡುವುದು ಅತ್ಯಂತ ಅನುಕೂಲ. ಒಬ್ಬರು ಊರಲ್ಲಿಲ್ಲದಿದ್ದರೂ ಕೆಲಸ ನಿಲ್ಲದು. ಮೂವರೂ ಒಂದೇ ಮನೆಯವರಾಗಿರಬಾರದು ಅಷ್ಟೆ. ಇಬ್ಬರ ಸಹಿಯ ಖಾತೆಗೆ ಸಾಮಾನ್ಯವಾಗಿ ಎಟಿಎಂ ಕಾರ್ಡಾಗಲಿ, ಮೊಬೈಲಿನಿಂದ ಹಣ ಕಳಿಸುವ ಸೌಲಭ್ಯವಾಗಲಿ ಸಿಗದು. ಯುವಕರಿಗೆ ಇದು ಕಿರಿಕಿರಿ. ಆದರೆ ಬರುವ ಹಣಕ್ಕೆ ಅಡ್ಡಿಯಿಲ್ಲ. ಸಂಘದ ಹೆಸರಿನಲ್ಲೇ ಕ್ಯೂಆರ್ ಕೊಡುವಂತೆ ಶಾಖೆಯಲ್ಲಿ ಕೇಳಬಹುದು. ಹಣ ಸುಲಭವಾಗಿ ಬರಲಿ, ನಿಧಾನವಾಗಿ ಹೋಗಲಿ ಎನ್ನುವುದು ಸಂಘಕ್ಕೆ ಲಾಭವೇ.

ಸಂಘಕ್ಕೆ ಪ್ಯಾನ್ ಕೂಡ ಬೇರೆಯೇ ಬೇಕು. ಮಕ್ಕಳಿಗೊಂದು ಕುತೂಹಲದ ಸಂಗತಿ: ಪ್ಯಾನ್‌ನ ನಾಲ್ಕನೆಯ ಅಕ್ಷರ ಅದು ಯಾರದ್ದೆಂದು ಹೇಳುತ್ತದೆ. ‘ಪಿ’ ಇದ್ದರೆ ವ್ಯಕ್ತಿ, ‘ಟಿ’ ಇದ್ದರೆ ಟ್ರಸ್ಟು, ‘ಎ’ ಇದ್ದರೆ ವ್ಯಕ್ತಿಗಳ ಕೂಟ. ಸಂಘದ ಪ್ಯಾನ್ ಎಂದು ತೋರಿಸುವ ಕಾರ್ಡಿನಲ್ಲಿ ನಾಲ್ಕನೆಯ ಅಕ್ಷರ ‘ಪಿ’ ಆಗಿದ್ದರೆ ಅದು ಸಂಘದ್ದಲ್ಲ. ನೋಂದಣಿ ಪತ್ರ, ಪ್ಯಾನ್, ಖಾತೆ ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಇರಬೇಕು. ಒಂದರಲ್ಲಿ ‘ಯುವಕ ಮಂಡಳಿ’, ಇನ್ನೊಂದರಲ್ಲಿ ‘ಯುವಕ ಸಂಘ’ ಎಂದಾದರೆ ಚೆಕ್ಕು ವಾಪಸು ಬರುತ್ತದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಕೃಷ್ಣೆ, ತುಂಗಭದ್ರೆಗಳು ಉಕ್ಕಿದ್ದು ಜಿಲ್ಲೆಯವರಿಗೆ ನೆನಪಿದೆ. ಅಂಥ ಹೊತ್ತಿನಲ್ಲಿ ದೂರದ ದಾನಿ ಕೇಳುವ ಮೊದಲ ಮಾತೇ ‘ಖಾತೆ ಯಾರ ಹೆಸರಿನಲ್ಲಿದೆ?’ ಎಂಬುದು. ದಾನಿ ವಿದೇಶದಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿ ಇನ್ನೂ ಭಾರತದ ಪ್ರಜೆಯಾಗಿದ್ದು, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿಯ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ. ಕೇಂದ್ರ ಗೃಹ ಸಚಿವಾಲಯದ ಅನುಮತಿ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಪ್ರತ್ಯೇಕ ಖಾತೆ ಇಲ್ಲದೆ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ.

ಖಾತೆ ತೆರೆದು ಮರೆತುಬಿಡುವುದೂ ಉಂಟು. ಎರಡು ವರ್ಷ ಕಟ್ಟದೆ, ತೆಗೆಯದೆ ಇದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಬ್ಯಾಂಕು ತಾನೇ ಜಮಾ ಮಾಡುವ ಬಡ್ಡಿ ವ್ಯವಹಾರದ ಲೆಕ್ಕಕ್ಕೆ ಬಾರದು. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಜಾಗೃತಿ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು. ಆದರೆ ಕೇಳುವವರ ಸಹಿ ಬ್ಯಾಂಕಿನ ಕಡತದಲ್ಲಿರಬೇಕಲ್ಲ?

ಈ ಜಿಲ್ಲೆಯಲ್ಲಿ ನಿಜವಾದ ತೊಡಕು ಇರುವುದೇ ಅಲ್ಲಿ. ಪದಾಧಿಕಾರಿಗಳು ಬದಲಾಗುತ್ತಾರೆ, ಬ್ಯಾಂಕಿನ ಕಡತ ಬದಲಾಗುವುದಿಲ್ಲ. ಸಹಿಯುಳ್ಳವರಲ್ಲಿ ಒಬ್ಬ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗಿರುತ್ತಾನೆ, ಇನ್ನೊಬ್ಬಳು ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾಳೆ. ಹೊಸಬರ ಹೆಸರು ಸೇರಿಸಲು ಸಭೆಯ ನಡಾವಳಿಯ ಪ್ರತಿ, ಹೊಸಬರ ಗುರುತಿನ ದಾಖಲೆ, ಫೋಟೊ ಬೇಕು. ಹಳಬರು ಜೊತೆಗಿದ್ದರೆ ಕೆಲಸ ಬೇಗ. ಗುಳೆ ಹೋದವರು ಊರಿಗೆ ಬರುವುದು ಹೆಚ್ಚಾಗಿ ಯುಗಾದಿಗೆ. ಸಂಘದ ವಾರ್ಷಿಕ ಸಭೆಯನ್ನು ಆ ವಾರದಲ್ಲೇ ಇಟ್ಟುಕೊಂಡರೆ ಎಲ್ಲರೂ ಒಟ್ಟಿಗೆ ಶಾಖೆಗೆ ಹೋಗಿ ಬರಬಹುದು. ಏಪ್ರಿಲ್ 1ರಂದು ಮಾತ್ರ ಹೊರಡಬಾರದು. ಅಂದು ವಾರ್ಷಿಕ ಲೆಕ್ಕಕ್ಕಾಗಿ ಬ್ಯಾಂಕಿನ ಬಾಗಿಲು ಗ್ರಾಹಕರಿಗೆ ಮುಚ್ಚಿರುತ್ತದೆ.