ಶಾಲೆಗಳಲ್ಲಿ ಬೇಟೆಹಕ್ಕಿಗಳ ಪಾಠ: ರಣಹದ್ದಿನ ನಿದರ್ಶನ

ಹದ್ದು, ಗಿಡುಗ, ಡೇಗೆ, ಗೂಬೆ ಮೊದಲಾದ ಬೇಟೆಹಕ್ಕಿಗಳು ನಮ್ಮ ನಾಡಿಗೆ ಹೊಸಬವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಡೇಗೆಯಿಂದ ಬೇಟೆಯಾಡಿಸುವ ವಿನೋದಕ್ಕೆ ಪ್ರತ್ಯೇಕ ಪ್ರಕರಣವೇ ಉಂಟು. ಹೀಗಿದ್ದರೂ ಗೂಬೆ ಅಪಶಕುನವೆಂದೂ ರಣಹದ್ದು ಹೇಯವೆಂದೂ ಎಣಿಸುವ ರೂಢಿ ಇನ್ನೂ ಅಳಿದಿಲ್ಲ. ಶಾಲೆಯ ಪಾಠವಾದರೋ ಕೊಕ್ಕು, ಉಗುರುಗಳ ವರ್ಣನೆಯಿಂದ ಆರಂಭವಾಗಿ, ವನ್ಯಜೀವಿಗಳನ್ನು ರಕ್ಷಿಸಬೇಕೆಂಬ ಉಪದೇಶದಲ್ಲಿ ಮುಗಿಯುವುದುಂಟು. ಉಪದೇಶಕ್ಕಿಂತ ಕಾರ್ಯಕಾರಣಗಳ ವಿಚಾರವೇ ಮಕ್ಕಳ ಮನಸ್ಸಿನಲ್ಲಿ ನೆಲೆಯೂರುತ್ತದೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ರಣಹದ್ದಿನ ಚರಿತ್ರೆಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು.

ರಣಹದ್ದು ಬೇಟೆಹಕ್ಕಿಗಳ ಗುಂಪಿಗೆ ಸೇರಿದ್ದರೂ ಸತ್ತ ಪ್ರಾಣಿಗಳನ್ನು ತಿಂದೇ ಬದುಕುವಂಥದು. ಊರ ಹೊರಗೆ ಎಸೆದ ದನಗಳ ಕಳೇಬರಗಳನ್ನು ತೀರಿಸಿ ನೆಲವನ್ನು ಶುಚಿಯಾಗಿಡುತ್ತಿದ್ದ ಈ ಹಕ್ಕಿಗಳು 1990ರ ದಶಕದಲ್ಲಿ ಕಣ್ಮರೆಯಾಗತೊಡಗಿದವು. ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ 1992ರಿಂದ 2007ರ ಅವಧಿಯಲ್ಲಿ ಶೇಕಡಾ 99.9ರಷ್ಟು ಕುಗ್ಗಿತೆಂದು ಅಂದಾಜು ಮಾಡಲಾಗಿದೆ. ಇದಕ್ಕೆ ಸಾಂಕ್ರಾಮಿಕ ರೋಗವೇ ಕಾರಣವಿರಬೇಕೆಂದು ಮೊದಲು ಹಲವರು ಊಹಿಸಿದ್ದರು. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಾದರೋ ಅನೇಕ ಹಕ್ಕಿಗಳಲ್ಲಿ ಮೂತ್ರಪಿಂಡಗಳು ಕೆಟ್ಟು, ಯೂರಿಕ್ ಆಮ್ಲವು ಒಳಾಂಗಗಳ ಮೇಲೆ ಸಂಚಯವಾಗಿದ್ದುದನ್ನು ಕಂಡರು. ಹಾಗೆ ಸತ್ತವುಗಳಲ್ಲಿ, ದನಗಳ ನೋವು ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧದ ಶೇಷ ದೊರೆಯಿತು. ಅನ್ಯ ಕಾರಣಗಳಿಂದ ಸತ್ತವುಗಳಲ್ಲಿ ದೊರೆಯಲಿಲ್ಲ. ಆ ಔಷಧವನ್ನು ಕೊಟ್ಟ ಎಮ್ಮೆ, ಆಡುಗಳ ಮಾಂಸವನ್ನು ತಿನ್ನಿಸಿ ನೋಡಿದಾಗಲೂ ಅದೇ ಫಲ ಕಂಡುಬಂದಿತು. ಈ ಶೋಧವು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತವು ಪಶುಚಿಕಿತ್ಸೆಗಾಗಿ ಆ ಔಷಧದ ತಯಾರಿಕೆಯನ್ನು ನಿಷೇಧಿಸಿತು. ರಣಹದ್ದಿಗೆ ಹಾನಿಮಾಡದ ಮೆಲಾಕ್ಸಿಕ್ಯಾಂ ಬದಲಿಯಾಗಿ ಬಂದಿತು. ಆದರೆ ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಯಾದುದರಿಂದ ನಷ್ಟವು ಬೇಗನೆ ತುಂಬುವಂಥದಲ್ಲ.

ಊಹೆ, ಪರೀಕ್ಷೆ, ನಿರ್ಣಯ ಎಂಬ ಈ ಕ್ರಮವನ್ನು ಮಕ್ಕಳು ತಾವೇ ಅನುಸರಿಸಿ ನೋಡಬಹುದು. ತಮ್ಮ ಊರಿನಲ್ಲಿ ರಣಹದ್ದು ಇದ್ದಿತೆ, ಯಾವ ಮರ ಅಥವಾ ಬಂಡೆಯ ಮೇಲೆ ಕೂಡುತ್ತಿತ್ತು, ಯಾವ ವರ್ಷದ ಸುಮಾರಿಗೆ ಕಾಣದಾಯಿತು ಎಂಬುದನ್ನು ಅವರು ಅಜ್ಜ ಅಜ್ಜಿಯರಿಂದ ಕೇಳಿ ಬರೆದುಕೊಳ್ಳಲಿ. ಕಣ್ಣಾರೆ ಕಂಡ ಮಾತನ್ನು ಕೇಳಿದ ಮಾತಿನಿಂದ ಬೇರ್ಪಡಿಸಲಿ. ಬರ, ಮದುವೆ, ಜಾತ್ರೆಗಳ ನೆನಪಿನಿಂದ ಕಾಲವನ್ನು ನಿಶ್ಚಯಿಸಲಿ. ಇತಿಹಾಸಕಾರನು ಮಾಡುವುದೂ ಇದನ್ನೇ. ಈ ಸಾಕ್ಷ್ಯವನ್ನು ಹೇಳಬಲ್ಲ ತಲೆಮಾರು ಮುಗಿದರೆ ಅದು ಮತ್ತೆ ದೊರೆಯದು. ಆದಕಾರಣ ಈ ಕೆಲಸವನ್ನು ಮುಂದೂಡುವಂತಿಲ್ಲ. ರಾಮನಗರದ ಬಳಿಯ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟಲು ಕಡಿದಾದ ಬಂಡೆಗಳನ್ನೇ ಏಕೆ ಆರಿಸಿಕೊಳ್ಳುತ್ತವೆಂಬ ಪ್ರಶ್ನೆಗೆ ಆ ಬೆಟ್ಟವೇ ಉತ್ತರ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಗೂಡುಗಳ ಸಮೀಪಕ್ಕೆ ಹೋಗದಿರುವುದನ್ನೂ ಪಾಠದ ಭಾಗವೆಂದೇ ತಿಳಿಯಬೇಕು.

ಇಂಥ ಪಾಠದಿಂದ ಏನಾದೀತೆಂದು ಶಂಕಿಸುವವರು ನಾಗಾಲ್ಯಾಂಡಿನ ಪಾಂಗ್ಟಿ ಗ್ರಾಮದ ವೃತ್ತಾಂತವನ್ನು ಗಮನಿಸಬಹುದು. ಅಲ್ಲಿನ ದೊಯಾಂಗ್ ಜಲಾಶಯದ ಬಳಿಗೆ ವಲಸೆ ಬರುವ ಅಮುರ್ ಡೇಗೆಗಳನ್ನು 2012ರಲ್ಲಿ ಬಲೆಯೊಡ್ಡಿ ಸಾವಿರಗಟ್ಟಲೆ ಕೊಂದರು. ಆ ಬಳಿಕ ಗ್ರಾಮದ ಹಿರಿಯರು ಬೇಟೆಯನ್ನು ನಿಷೇಧಿಸಿದರು. ಆ ಹಕ್ಕಿಗಳ ವಿಷಯವಾಗಿ ಮಕ್ಕಳಿಗೆ ಪಾಠಗಳೂ ನಡೆದವು. 2013ರಲ್ಲಿ ಹಕ್ಕಿಗಳು ನಿರ್ಭಯವಾಗಿ ತಂಗಿ, ಆಫ್ರಿಕದತ್ತ ಪ್ರಯಾಣ ಬೆಳೆಸಿದವು. ಇದು ಪಾಠವೊಂದರ ಫಲವೇ ಅಲ್ಲವೆಂಬುದು ನಿಜ. ಆದರೆ ಹಿರಿಯರ ನಿರ್ಣಯವು ಮುಂದಿನ ತಲೆಮಾರಿನಲ್ಲಿಯೂ ನಿಲ್ಲಬೇಕಾದರೆ, ಅದರ ಕಾರಣವನ್ನು ಮಕ್ಕಳು ಅರಿತಿರಬೇಕು. ಈ ಹೊಣೆ ವಿಜ್ಞಾನದ ಉಪಾಧ್ಯಾಯರದು ಮಾತ್ರವೇ ಅಲ್ಲ, ಚರಿತ್ರೆಯನ್ನು ಬೋಧಿಸುವ ನಮ್ಮದೂ ಹೌದು.