ಹುಲ್ಲಿನ ಲೆಕ್ಕ

ಹಸುವಿನ ಮೇಲ್ದವಡೆಯಲ್ಲಿ ಮುಂಬಲ್ಲುಗಳಿಲ್ಲ. ಅದು ನಾಲಗೆ ಚಾಚಿ ಒಂದು ಹಿಡಿ ಹುಲ್ಲನ್ನು ಸುತ್ತಿ ಬಾಯಿಗೆಳೆದು, ಕೆಳಗಿನ ಹಲ್ಲಿಗೂ ಮೇಲಿನ ಗಟ್ಟಿ ವಸಡಿಗೂ ನಡುವೆ ಸಿಕ್ಕಿಸಿ ಹರಿಯುತ್ತದೆ. ಹಾಗಾಗಿ ತೀರಾ ಮೋಟಾದ ಹುಲ್ಲು ಅದಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಕುರಿಗೂ ಮೇಲೆ ಮುಂಬಲ್ಲಿಲ್ಲ. ಆದರೆ ಕಿರಿದಾದ ಮೂತಿ ಮತ್ತು ಸೀಳುಳ್ಳ ಮೇಲ್ದುಟಿಯಿಂದಾಗಿ ಅದು ನೆಲಕ್ಕೆ ಬಾಯಿ ಹಚ್ಚಿ ಮೇಯಬಲ್ಲದು. ಮೇಕೆಗೆ ಬೇಲಿ, ಪೊದೆ, ಚಿಗುರೆಲೆಗಳ ಮೇಲೇ ಕಣ್ಣು. ಒಂದೇ ಬಯಲಿಗೆ ಮೂರನ್ನೂ ಬಿಟ್ಟರೂ ಮೂರರ ಊಟ ಬೇರೆ ಬೇರೆ.

ಈಗ ಹುಲ್ಲಿನ ಕಡೆ ಬರೋಣ. ಗಿಡಮರಗಳ ಬೆಳೆಯುವ ಕುಡಿ ತುದಿಯಲ್ಲಿರುತ್ತದೆ, ಚಿವುಟಿದರೆ ಆ ರೆಂಬೆ ಅಲ್ಲಿಗೆ ನಿಂತಿತು. ಹುಲ್ಲು ಎಳೆಯದಾಗಿರುವಾಗ ಅದರ ಕುಡಿ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು ಇರುತ್ತದೆ. ಗರಿ ಬೆಳೆಯುವುದೂ ಬುಡದಿಂದಲೇ. ತುದಿ ದನದ ಹೊಟ್ಟೆ ಸೇರಿದರೂ ಬುಡ ಹೊಸ ಗರಿಯನ್ನು ಮೇಲಕ್ಕೆ ನೂಕುತ್ತದೆ. ಆದರೆ ಈ ಹೊಸ ಗರಿ ಪುಕ್ಕಟೆ ಬರುವುದಿಲ್ಲ. ಎಲೆಯಿಲ್ಲದೆ ಬಿಸಿಲಿನಿಂದ ಸಕ್ಕರೆ ಮಾಡಿಕೊಳ್ಳಲಾಗದು. ಬುಡದಲ್ಲೂ ಬೇರಿನಲ್ಲೂ ಕೂಡಿಟ್ಟದ್ದನ್ನು ಖರ್ಚು ಮಾಡಿಯೇ ಮೊದಲ ಚಿಗುರು ಏಳಬೇಕು. ಆ ಚಿಗುರು ತಾನೇ ದುಡಿಯುವ ಮುನ್ನ ಮತ್ತೊಮ್ಮೆ ಬಾಯಿ ಬಿದ್ದರೆ ಗಂಟು ಕರಗುತ್ತಾ ಹೋಗುತ್ತದೆ. ದನಕ್ಕೋ ಆ ಎಳೆ ಚಿಗುರೇ ಇಷ್ಟ, ನಿನ್ನೆ ಮೇದ ಬುಡವನ್ನೇ ಹುಡುಕಿಕೊಂಡು ಬರುತ್ತದೆ. ಒಂದು ಬುಡ ಬೋಳಾಗಿ, ಪಕ್ಕದ್ದು ಬಲಿತು ಒರಟಾಗಿ, ಯಾರಿಗೂ ಬೇಡವಾಗಿ ನಿಂತಿರುವುದನ್ನು ಯಾವ ಗೋಮಾಳದಲ್ಲಾದರೂ ನೋಡಬಹುದು.

ಮಣ್ಣಿನೊಳಗೆ ನಡೆಯುವುದು ಇನ್ನೂ ಗಂಭೀರ. ಅಮೆರಿಕದ ಕೃಷಿ ಇಲಾಖೆ 1955ರಲ್ಲಿ ಫ್ರಾಂಕ್ಲಿನ್ ಕ್ರೈಡರ್ ಅವರ ಪ್ರಯೋಗಗಳನ್ನು ಪ್ರಕಟಿಸಿತು. ಹುಲ್ಲಿನ ಗರಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಕತ್ತರಿಸಿ ಅವರು ಬೇರನ್ನು ಗಮನಿಸಿದ್ದರು. ಅರ್ಧಕ್ಕಿಂತ ಕಡಿಮೆ ಕತ್ತರಿಸಿದಾಗ ಬೇರಿಗೆ ಅಂಥ ಬಾಧೆ ಇರಲಿಲ್ಲ. ಒಂದೇ ಸಲ ನೂರಕ್ಕೆ 80ರಷ್ಟು ತೆಗೆದಾಗ ಬೇರಿನ ಬೆಳವಣಿಗೆ 12 ದಿನ ನಿಂತೇ ಹೋಯಿತು. ಬಯಲುಸೀಮೆಯಲ್ಲಿ ಒಂದು ಹದಮಳೆಗೂ ಇನ್ನೊಂದಕ್ಕೂ ಎಷ್ಟೋ ವಾರಗಳ ಅಂತರ ಬೀಳುವುದುಂಟು. ಬೇರು ಆಳಕ್ಕೆ ಇಳಿದಿಲ್ಲದ ಹುಲ್ಲು ಆ ಅಂತರ ದಾಟಲಾರದು. ಅದು ಬಿಟ್ಟ ಜಾಗಕ್ಕೆ ದನ ಸೊಪ್ಪು ಮುಟ್ಟದ ಕಾಂಗ್ರೆಸ್ ಗಿಡವೋ ಬಳ್ಳಾರಿ ಜಾಲಿಯೋ ಬಂದು ಕೂರುತ್ತದೆ.

ಫ್ರಾನ್ಸಿನ ನಾರ್ಮಂಡಿಯ ರೈತ ಆಂದ್ರೆ ವಾಸಿನ್ ರಸಾಯನ ವಿಜ್ಞಾನವನ್ನೂ ಓದಿಕೊಂಡವರು. ತಮ್ಮ ಹಸುಗಳು ಮೇಯುವುದನ್ನು ಗಮನಿಸುತ್ತಾ ಬಂದು 1957ರಲ್ಲಿ ಒಂದು ಪುಸ್ತಕ ಬರೆದರು. ಅತಿಮೇವಿಗೆ ದನಗಳ ಸಂಖ್ಯೆಗಿಂತ ಕಾಲವೇ ಹೆಚ್ಚು ಕಾರಣ ಎಂಬುದು ಅವರ ವಾದ. ವರ್ಷವಿಡೀ ಬಿಟ್ಟ ಒಂದೇ ಹಸು ಕೂಡ ತನಗಿಷ್ಟವಾದ ಬುಡವನ್ನು ಮೇದು ಮೇದು ಕೊಲ್ಲಬಲ್ಲದು. ದೊಡ್ಡ ಮಂದೆ ಒಂದೆರಡು ದಿನ ಮೇದು ಹೊರಟುಹೋದರೆ ಹುಲ್ಲು ಚೇತರಿಸಿಕೊಳ್ಳುತ್ತದೆ. ಮೇದ ಹುಲ್ಲು ಮೊದಲು ನಿಧಾನವಾಗಿ, ಆಮೇಲೆ ದಾಪುಗಾಲಿನಲ್ಲಿ, ಹೂವಾಡುವ ಹೊತ್ತಿಗೆ ಮತ್ತೆ ನಿಧಾನವಾಗಿ ಬೆಳೆಯುತ್ತದೆ. ಮಂದೆ ವಾಪಸು ಬರಬೇಕಾದ್ದು ದಾಪುಗಾಲಿನ ಹಂತ ಮುಗಿಯುವಾಗ. ಅದು ಯಾವಾಗ ಎನ್ನುವುದನ್ನು ಮಳೆ, ಬಿಸಿಲು ನಿರ್ಧರಿಸುತ್ತವೆ. ಕ್ಯಾಲೆಂಡರ್ ನೋಡಿ ಮಂದೆ ಹೊರಳಿಸುವವರು ಎಡವುವುದು ಇಲ್ಲೇ.

ಮೈಸೂರು ಸೀಮೆಯ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲುಗಳ ಏರ್ಪಾಡಿನಲ್ಲೂ ಕಾಲದ ಲೆಕ್ಕವಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಕರೆಸಿಕೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆದ ಈ ಸರ್ಕಾರಿ ದನಗಳ ಇಲಾಖೆಯ ಕಾವಲುಗಳನ್ನು ಮಳೆಗಾಲ, ಚಳಿಗಾಲ, ಬೇಸಿಗೆ ಎಂದು ವಿಂಗಡಿಸಿದ್ದರು. ಮಂದೆ ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ನೀರು ನೆರಳು ಇದ್ದದ್ದು ಬೇಸಿಗೆಗೆ. ಮಂದೆ ಬೇರೆಡೆ ಇದ್ದಷ್ಟು ಕಾಲ ಈ ಕಾವಲಿನ ಹುಲ್ಲು ಬೇರಿಳಿಸಿ, ಬೀಜ ಉದುರಿಸಿ ಸುಧಾರಿಸಿಕೊಳ್ಳುತ್ತಿತ್ತು. ನಮ್ಮವರಿಗೆ ಎಲ್ಲವೂ ಮೊದಲೇ ಗೊತ್ತಿತ್ತೆಂದು ಬೀಗುವುದೇನೂ ಬೇಡ. ಆ ಹುಲ್ಲು ದಂಡಿನ ಸಾಮಾನು ಎಳೆಯುವ ಎತ್ತುಗಳಿಗಾಗಿ ಕಾದದ್ದೇ ಹೊರತು ಊರ ದನಕ್ಕಾಗಿ ಅಲ್ಲ. ಈಗ ಆ ಕಾವಲುಗಳಲ್ಲಿ ಸ್ವಲ್ಪ ಭಾಗ ಮಾತ್ರ ಉಳಿದಿದೆ. ಚಳ್ಳಕೆರೆ ಕಡೆ ಸುಮಾರು 10,000 ಎಕರೆಯನ್ನು ರಕ್ಷಣೆ, ಬಾಹ್ಯಾಕಾಶ, ಅಣುವಿಜ್ಞಾನ ಮುಂತಾದ ಸಂಸ್ಥೆಗಳಿಗೆ ಹಂಚಿದ್ದಾಯಿತು. ಒಂದು ಬಯಲಿಗೆ ವಿರಾಮ ಕೊಡಬೇಕಾದರೆ ಮಂದೆಗೆ ಇನ್ನೊಂದು ಬಯಲು ಬೇಕಲ್ಲ!

ಹಾಗೆಂದು ಮಂದೆ ಹೊರಳಿಸಿದ ಮಾತ್ರಕ್ಕೆ ಮೇವು ಇಮ್ಮಡಿಯಾಗುವುದಿಲ್ಲ. ಅಂಥ ಭರವಸೆ ಮಾರುವವರು ಎಲ್ಲೆಡೆ ಇದ್ದಾರೆ. ಅಮೆರಿಕದ ಹುಲ್ಲುಗಾವಲು ವಿಜ್ಞಾನಿಗಳು ಹಳೆಯ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2008ರಲ್ಲಿ ಬರೆದ ಲೇಖನ ತಣ್ಣೀರೆರಚಿತು: ಒಣ ಬಯಲುಗಳಲ್ಲಿ ಸುತ್ತು ಮೇವಿನ ಇಳುವರಿ, ಸುಮ್ಮನೆ ಬಿಟ್ಟು ಮೇಯಿಸಿದ್ದಕ್ಕಿಂತ ಒಟ್ಟಾರೆ ಮೇಲೆಂದು ಕಂಡುಬರಲಿಲ್ಲ. ಮಳೆ ಎಷ್ಟಾಯಿತು, ದನ ಎಷ್ಟಿವೆ ಎಂಬುದರ ಪ್ರಭಾವವೇ ದೊಡ್ಡದಾಗಿತ್ತು. ಅಂದರೆ ವಾಸಿನ್ ಹಿಂದಕ್ಕೆ ತಳ್ಳಿದ ಸಂಖ್ಯೆಯನ್ನು ಮತ್ತೆ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ನಮ್ಮ ಭೂಕಂದಾಯ ನಿಯಮಗಳಲ್ಲಿ ಸಂಖ್ಯೆಯಿದೆ. ನೂರು ಜಾನುವಾರಿಗೆ 30 ಎಕರೆ ಗೋಮಾಳ, ಅಂದರೆ ತಲೆಗೆ 12 ಗುಂಟೆ. 300 ಕಿಲೋ ತೂಗುವ ಹಸು ದಿನಕ್ಕೆ ಆರೇಳು ಕಿಲೋ ಒಣಮೇವಿನಷ್ಟು ತಿನ್ನುತ್ತದೆ. ಮಳೆಯನ್ನೇ ನಂಬಿದ 12 ಗುಂಟೆ ಬಯಲು ಅದನ್ನು ವರ್ಷಪೂರ್ತಿ ಸಾಕಲಾರದು. ಆ 12 ಗುಂಟೆಯೂ ಎಲ್ಲ ಊರಲ್ಲಿ ಉಳಿದಿಲ್ಲ.

ಉಳಿದಿರುವ ಕಡೆ ಮಾಡಬಹುದಾದ್ದು ಸರಳ. ಗೋಮಾಳವನ್ನು ನಾಲ್ಕು ಪಾಲು ಮಾಡಿ, ವರ್ಷಕ್ಕೊಂದು ಪಾಲನ್ನು ಸರದಿಯಂತೆ ಬೀಜ ಉದುರುವವರೆಗೆ ಮುಟ್ಟದೆ ಬಿಡುವುದು. ಮುಂಗಾರು ಬಿದ್ದ ಮೊದಲ ಮೂರ್ನಾಲ್ಕು ವಾರವಂತೂ ಎಲ್ಲಿಗೂ ದನ ಬಿಡದಿರುವುದು. ಹುಲ್ಲು ಗಂಟು ಕರಗಿಸಿ ಚಿಗುರುವ ಕಾಲ ಅದು. ಮಾಡಲು ಅತಿ ಕಷ್ಟವಾದದ್ದೂ ಅದೇ, ಏಕೆಂದರೆ ಬೇಸಿಗೆ ಕಳೆದು ದನ ಬಡಕಲಾಗಿ, ಹಸಿರು ಕಂಡಲ್ಲಿಗೆ ಓಡುವುದೂ ಆಗಲೇ. ತಡೆಯಬೇಕಾದರೆ ಜೂನ್ ಕೊನೆಯವರೆಗೂ ಬಣವೆಯಲ್ಲಿ ರಾಗಿಹುಲ್ಲೋ ಜೋಳದ ಸೊಪ್ಪೆಯೋ ಇರಬೇಕು. ಆದರೆ ಭತ್ತದ ಸೀಮೆಯಲ್ಲಿ ಕಟಾವು ಯಂತ್ರ ಬಂದ ಮೇಲೆ ಹುಲ್ಲು ಗದ್ದೆಯಲ್ಲೇ ಚೂರಾಗಿ ಉಳಿಯುತ್ತಿದೆ, ಕೆಲವೆಡೆ ಅಲ್ಲೇ ಬೆಂಕಿಗೂ ಬೀಳುತ್ತಿದೆ.